ಹುಲಿ ಪುಸ್ತಕ ಓದುವ ಹುಡುಗ

ದೀಪಾವಳಿ ಸೂಟಿ ಮುಗಿದು ಶಾಲೆ ಆರಂಭವಾದ ವಾರ. ಮಧ್ಯಾಹ್ನದ ಬಿಡುವಿನಲ್ಲಿ ಪಾಲಕರೊಬ್ಬರು ಮಗನನ್ನು ಮುಂದೆ ಮಾಡಿಕೊಂಡು ನಮ್ಮ ಕೋಣೆಗೆ ಬಂದರು. ಕೈಯಲ್ಲಿ ಅಂಚು ಮಡಚಿಹೋದ ಒಂದು ಪುಸ್ತಕ. ಅದನ್ನು ಮೇಜಿನ ಮೇಲೆ ಇಟ್ಟು, "ಸರ, ನೀವರ ಇವಗ ಬುದ್ಧಿ ಹೇಳ್ರಿ. ವಿಜ್ಞಾನ ಪುಸ್ತಕದಾಗ ಈ ಹುಲಿ ಪುಸ್ತಕ ಇಟಗೊಂಡ ಓದಾಕತ್ತಿದ್ದ. ಕೇಳಿದ್ರ ಇದೂ ವಿಜ್ಞಾನನ ಅಂತಾನ" ಎಂದರು.

ಪುಸ್ತಕ ತಿರುವಿ ನೋಡಿದೆ. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಮಾಲೆಯ 'ಜಾಲಹಳ್ಳಿಯ ಕುರ್ಕ'. ಹುಡುಗ ಒಂಬತ್ತನೆಯ ಇಯತ್ತೆಯವನು. ತಲೆ ತಗ್ಗಿಸಿ ನಿಂತಿದ್ದ. ಅವನ ಮನೆಮಾತು ಮರಾಠಿ. ಎರಡು ವರ್ಷದ ಹಿಂದೆ ಕನ್ನಡದ ಒಂದು ಸಾಲು ಓದಬೇಕಾದರೆ ಅಕ್ಷರಕ್ಕೊಂದು ಬೆರಳಿಟ್ಟು ಓದುತ್ತಿದ್ದವನು. "ಎಷ್ಟು ಪುಟ ಓದೀಯೋ?" ಎಂದೆ. "ಮುಗದೈತ್ರಿ ಸರ. ಎರಡನೇ ಸಲ ಓದಾಕತ್ತೀನ್ರಿ" ಎಂದ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಂಥದೇ ತಪ್ಪನ್ನು ನಾನೂ ಮಾಡಿದ್ದೆ. ನಮ್ಮ ಕಾಲದಲ್ಲಿ ಭೌತಶಾಸ್ತ್ರದ ಪುಸ್ತಕದೊಳಗೆ ಇರುತ್ತಿದ್ದದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಓದಿದ್ದು ಪ್ರಾಥಮಿಕ ಶಾಲೆಯ ಕೆಲವೇ ತರಗತಿಯಾದರೂ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದ ಆ ಹಿರಿಯರು ಒಂದು ತಲೆಮಾರಿಗೆ ಕನ್ನಡ ಓದುವ ಚಟ ಹಿಡಿಸಿದರು. ಆದರೆ ಪಾಲಕರ ಮುಂದೆ ಇದನ್ನೆಲ್ಲ ಹೇಳುವಂತಿರಲಿಲ್ಲ. "ಓದಲಿ ಬಿಡ್ರಿ. ಪರೀಕ್ಷೆ ನಾನು ನೋಡ್ಕೋತೀನಿ" ಎಂದು ಕಳಿಸಿಕೊಟ್ಟೆ. ಆ ಮಾತು ಅರ್ಧ ಸರಿ, ಅರ್ಧ ತಪ್ಪು ಎಂಬುದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಈ ಪುಸ್ತಕಗಳ ಗುಣದೋಷ ನೋಡೋಣ.

ಯಾರ ಕತೆ, ಯಾರ ಕನ್ನಡ?

'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಹೀಗೆ ನಾಲ್ಕು ಭಾಗಗಳಾಗಿ 1990ರ ದಶಕದಲ್ಲಿ ಬಂದ ಈ ಕತೆಗಳ ಮೂಲ ಲೇಖಕ ಕೆನೆತ್ ಆಂಡರ್ಸನ್. ಇವರು 1910ರಲ್ಲಿ ಹೈದರಾಬಾದಿನ ಬಳಿಯ ಬೊಳಾರಂನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ನೌಕರಿ ಮಾಡಿ, 1974ರಲ್ಲಿ ತೀರಿಕೊಂಡರು. ರಜೆ ಸಿಕ್ಕಾಗಲೆಲ್ಲ ಬಂದೂಕು ಹಿಡಿದು ದಕ್ಷಿಣ ಭಾರತದ ಕಾಡುಗಳನ್ನು ಸುತ್ತಿದವರು. ಅವರ ಮೊದಲ ಇಂಗ್ಲಿಷ್ ಪುಸ್ತಕ ಪ್ರಕಟವಾದದ್ದು 1954ರಲ್ಲಿ.

ಇವನ್ನು ಕನ್ನಡಕ್ಕೆ ತಂದ ತೇಜಸ್ವಿ (1938–2007) ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, ಹಕ್ಕಿಗಳ ಫೋಟೋ ತೆಗೆಯುತ್ತ, 'ಕರ್ವಾಲೊ', 'ಚಿದಂಬರ ರಹಸ್ಯ'ದಂಥ ಕಾದಂಬರಿ ಬರೆದವರು. ಜಿಮ್ ಕಾರ್ಬೆಟ್ ಬರೆದ ರುದ್ರಪ್ರಯಾಗದ ಚಿರತೆಯ ಕತೆಯನ್ನೂ ಅವರು ಕನ್ನಡಕ್ಕೆ ಕೊಟ್ಟಿದ್ದಾರೆ. ಇಂದಿಗೂ ಪುಸ್ತಕದಂಗಡಿಗೆ ಹೋದರೆ ಹೈಸ್ಕೂಲು ಹುಡುಗರು ಮೊದಲು ಕೈ ಹಾಕುವುದು ಈ ಕಪಾಟಿಗೇ.

ಗುಣಗಳು

ಮೊದಲನೆಯದು ಭಾಷೆ. ಸಣ್ಣ ವಾಕ್ಯ, ಬಳಕೆಯ ಮಾತು, ಅಲಂಕಾರದ ಹೊರೆಯಿಲ್ಲ. ಕತೆ ಹೇಳುವವನು ಎದುರಿಗೆ ಕುಳಿತು ಹೇಳುತ್ತಿದ್ದಾನೆ ಎನಿಸುತ್ತದೆ. ಗಡಿಭಾಗದ ನಮ್ಮ ಮಕ್ಕಳಿಗೆ ಇದು ದೊಡ್ಡ ಉಪಕಾರ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಓಣಿಯಲ್ಲಿ ಎರಡೂ ಬೆರೆತ ಮಾತು. ಹೀಗಿರುವಾಗ ಮಗು ತಾನಾಗಿಯೇ 100–150 ಪುಟ ಕನ್ನಡ ಓದುವುದೆಂದರೆ ಅದು ಯಾವ ಪಾಠಯೋಜನೆಯಿಂದಲೂ ಆಗದ ಕೆಲಸ. 'ಮುಂದೇನಾಯಿತು?' ಎಂಬ ಒಂದೇ ಪ್ರಶ್ನೆ ಅವನ ಬೆರಳನ್ನು ಸಾಲಿನಿಂದ ಸಾಲಿಗೆ ಎಳೆದುಕೊಂಡು ಹೋಗುತ್ತದೆ. ಬೆರಳು ಎಂದು ಕೆಳಗಿಳಿಯಿತೋ ಅವನಿಗೇ ತಿಳಿಯುವುದಿಲ್ಲ.

ಎರಡನೆಯದು ಸ್ಥಳ. ಸಾಹಸ ಕತೆ ಎಂದರೆ ಆಫ್ರಿಕಾ, ಅಮೆಜಾನ್ ಎಂದು ನಂಬಿದ್ದವರಿಗೆ ಇಲ್ಲಿ ಮಾಗಡಿ ಬರುತ್ತದೆ, ಜಾಲಹಳ್ಳಿ ಬರುತ್ತದೆ. ಜಾಲಹಳ್ಳಿಯ ಹೆಸರು ಇಂದು ಕೇಳಿದರೆ ಕಾರ್ಖಾನೆ, ಮೆಟ್ರೊ, ವಾಹನ ದಟ್ಟಣೆ ನೆನಪಾಗುತ್ತವೆ. ಅದೇ ಊರಿನ ಪೊದೆಯಲ್ಲಿ ಒಂದು ಚಿರತೆ ಅಡಗಿ ಜನರನ್ನು ನಡುಗಿಸಿತ್ತು ಎಂದು ಓದಿದಾಗ, ಒಂದೇ ಮನುಷ್ಯನ ಆಯುಷ್ಯದಲ್ಲಿ ನೆಲ ಎಷ್ಟು ಬದಲಾಗಬಲ್ಲದು ಎಂಬುದು ಮನಸ್ಸಿಗೆ ನಾಟುತ್ತದೆ. ನಗರ ಕಾಡಿನ ಕಡೆಗೆ ನಡೆದದ್ದೋ, ಚಿರತೆ ನಗರದ ಕಡೆಗೆ ನಡೆದದ್ದೋ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ ನೋಡಿ. ಇಡೀ ತಾಸು ಚರ್ಚೆ ನಡೆಯುತ್ತದೆ.

ಮೂರನೆಯದು ನಿರೀಕ್ಷಣೆ. ವಿಜ್ಞಾನ ಶಿಕ್ಷಕನಾಗಿ ನನಗೆ ಬಹಳ ಹಿಡಿಸುವ ಗುಣ ಇದು. ಮಂಗ ಕೂಗಿತು, ಏಕೆ ಕೂಗಿತು? ಕಡವೆ ಎಚ್ಚರಿಕೆ ಕೊಟ್ಟಿತು, ಯಾವ ದಿಕ್ಕಿನಿಂದ? ಹುಲ್ಲು ಮಡಚಿದೆ, ಅದರ ಮೇಲೆ ಇಬ್ಬನಿ ಇದೆಯೋ ಇಲ್ಲವೋ? ಇಬ್ಬನಿ ಇದ್ದರೆ ಪ್ರಾಣಿ ರಾತ್ರಿಯೇ ಹೋಗಿದೆ, ಇಬ್ಬನಿ ಒರೆಸಿಹೋಗಿದ್ದರೆ ಬೆಳಗ್ಗೆ ಹೋಗಿದೆ. ಕುರುಹು ನೋಡುವುದು, ಊಹೆ ಕಟ್ಟುವುದು, ಊಹೆಯನ್ನು ಮತ್ತೊಂದು ಕುರುಹಿನಿಂದ ಪರೀಕ್ಷಿಸುವುದು ವಿಜ್ಞಾನದ ಕ್ರಮವೇ ಅಲ್ಲವೇ? ಬ್ಯಾಟರಿ ಬೆಳಕಿಗೆ ಚಿರತೆಯ ಕಣ್ಣು ಕೆಂಡದಂತೆ ಹೊಳೆಯುವುದನ್ನು ಓದಿದ ಹುಡುಗನಿಗೆ ಬೆಳಕಿನ ಪ್ರತಿಫಲನದ ಪಾಠ ಹೇಳುವುದು ಸುಲಭ. ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪದರವಿದ್ದು, ಒಮ್ಮೆ ಒಳಗೆ ಹೋದ ಬೆಳಕನ್ನು ಅದು ಮತ್ತೆ ಹಿಂದಕ್ಕೆ ಕಳಿಸುತ್ತದೆ. ಅದರಿಂದಲೇ ಮಂದ ಬೆಳಕಿನಲ್ಲೂ ಬೆಕ್ಕಿನ ಜಾತಿಗೆ ಕಾಣುವುದು. ಮನೆಯ ಬೆಕ್ಕಿನಲ್ಲೂ ಇದನ್ನು ನೋಡಬಹುದು.

ಮುನಿಶಾಮಿಯ ಕತೆ ಈ ದೃಷ್ಟಿಯಿಂದ ಇನ್ನೂ ಸ್ವಾರಸ್ಯಕರ. ಅವನು ಸುಳ್ಳು ಕುರುಹು ಹುಟ್ಟಿಸಿ, ಚಿರತೆ ಬಂದಿದೆಯೆಂದು ಹವ್ಯಾಸಿ ಬೇಟೆಗಾರರನ್ನು ಏಮಾರಿಸಿ ದುಡ್ಡು ಗಳಿಸುವ ಆಸಾಮಿ. ಸಾಕ್ಷ್ಯ ಕಣ್ಣೆದುರಿಗಿದ್ದರೂ ಅದು ಸಾಚಾ ಹೌದೋ ಅಲ್ಲವೋ ಎಂದು ಕೇಳಬೇಕು ಎಂಬ ಪಾಠ ನಗುನಗುತ್ತಲೇ ಸಿಗುತ್ತದೆ.

ನಾಲ್ಕನೆಯದು ಪ್ರಾಮಾಣಿಕತೆ. ಇಲ್ಲಿಯ ನಾಯಕ ಹೆದರುತ್ತಾನೆ, ಗುರಿ ತಪ್ಪುತ್ತಾನೆ. ಎಷ್ಟೋ ರಾತ್ರಿ ಸೊಳ್ಳೆ ಕಚ್ಚಿಸಿಕೊಂಡು ಕಾದು, ರಜೆ ಮುಗಿಯಿತೆಂದು ಬರಿಗೈಯಲ್ಲಿ ಊರಿಗೆ ಮರಳುತ್ತಾನೆ. ಒಂದೇ ಏಟಿಗೆ ಹತ್ತು ಜನರನ್ನು ಉರುಳಿಸುವ ಸಿನಿಮಾ ನಾಯಕರನ್ನು ನೋಡಿ ಬೆಳೆದ ಮಕ್ಕಳಿಗೆ, ಧೈರ್ಯವೆಂದರೆ ಹೆದರಿಕೆ ಇಲ್ಲದಿರುವುದಲ್ಲ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಓದು ಬೇಡ.

ಇನ್ನೂ ಒಂದು ಮಾತು. ಪ್ರಾಣಿ ನರಭಕ್ಷಕವಾಗುವುದಕ್ಕೆ ಕಾರಣವಿರುತ್ತದೆ ಎಂಬುದನ್ನು ಈ ಬೇಟೆಗಾರರು ಮರೆಯುವುದಿಲ್ಲ. ಪೆದ್ದಚೆರುವಿನ ಹುಲಿ ಕುಂಟು. 1907ರಲ್ಲಿ ಕಾರ್ಬೆಟ್ ಹೊಡೆದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಕೊಂದಿತ್ತೆಂದು ದಾಖಲೆ. ಹಿಂದೆಂದೋ ತಗಲಿದ್ದ ಗುಂಡಿನಿಂದ ಅದರ ಕೋರೆಹಲ್ಲುಗಳು ಮುರಿದಿದ್ದವು. ರುದ್ರಪ್ರಯಾಗದ ಚಿರತೆ 1918ರಿಂದ 1926ರವರೆಗೆ 125 ಜನರನ್ನು ತಿಂದಿತು. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸುಡಲಾಗದೆ ಕಣಿವೆಗೆ ಎಸೆದ ಹೆಣಗಳಿಂದ ಅದಕ್ಕೆ ಮನುಷ್ಯಮಾಂಸದ ರುಚಿ ಹತ್ತಿರಬೇಕೆಂದು ಕಾರ್ಬೆಟ್ ತರ್ಕಿಸಿದ. ಪ್ರಾಣಿಯ ಅಪರಾಧದ ಹಿಂದೆ ಬಹಳ ಸಲ ಮನುಷ್ಯನ ಕೈವಾಡವೋ ಮನುಷ್ಯನ ಸಂಕಟವೋ ಇರುತ್ತದೆ.

ದೋಷಗಳು

ಇಷ್ಟು ಹೊಗಳಿದ ಮೇಲೆ ತಕರಾರುಗಳನ್ನೂ ಹೇಳಬೇಕು.

ಒಂದು: ಕತೆಗಳ ಚೌಕಟ್ಟು ಹೆಚ್ಚು ಕಡಿಮೆ ಒಂದೇ. ಹಳ್ಳಿಯಿಂದ ಸುದ್ದಿ ಬರುತ್ತದೆ, ಸಾಹೇಬ ಹೊರಡುತ್ತಾನೆ, ಹೋರಿಕರು ಕಟ್ಟುತ್ತಾರೆ, ಮರದ ಮೇಲೆ ಅಟ್ಟಣೆ, ಕತ್ತಲೆ, ಸದ್ದು, ಗುಂಡು. ನಾಲ್ಕೂ ಭಾಗಗಳನ್ನು ಒಂದರ ಹಿಂದೊಂದು ಓದಿದರೆ ಕೊನೆ ಮೊದಲೇ ಗೊತ್ತಾಗಿಬಿಡುತ್ತದೆ. ಹಳ್ಳಿಯವರು ಮತ್ತು ಕಾಡಿನ ಜನ ದಾರಿ ತೋರಿಸುತ್ತಾರೆ, ಕುರುಹು ಹುಡುಕುತ್ತಾರೆ, ಕೆಲವೊಮ್ಮೆ ಪ್ರಾಣವನ್ನೂ ಕೊಡುತ್ತಾರೆ. ಆಂಡರ್ಸನ್ ಅವರ ಜಾಣ್ಮೆಯನ್ನು ಮನಸಾರೆ ಹೊಗಳುತ್ತಾರೆ, ನಿಜ. ಆದರೂ ಕೊನೆಗೆ ಊರನ್ನು ಕಾಯುವ ಬಂದೂಕು ಹೊರಗಿನಿಂದ ಬಂದವನ ಕೈಯಲ್ಲೇ ಇರುತ್ತದೆ. ಅದು ಆ ಕಾಲದ ಕತೆ. ಹಾಗೆಂದು ತಿಳಿದೇ ಓದಬೇಕು.

ಎರಡು: ಆಯ್ಕೆಯ ದೋಷ. ಇದನ್ನು ವಿದ್ಯಾರ್ಥಿಗಳು ಚೆನ್ನಾಗಿ ತಿಳಿಯಬೇಕು. ಆಸ್ಪತ್ರೆಯ ವಾರ್ಡಿನಲ್ಲಿ ನಿಂತು 'ಊರಿನವರೆಲ್ಲರೂ ರೋಗಿಗಳು' ಎಂದು ತೀರ್ಮಾನಿಸಿದರೆ ಹೇಗೆ? ನರಭಕ್ಷಕಗಳ ಕತೆಗಳನ್ನಷ್ಟೇ ಪೋಣಿಸಿದ ಪುಸ್ತಕ ಓದಿದವನಿಗೆ ಚಿರತೆಗಳೆಲ್ಲ ನರಭಕ್ಷಕಗಳೇ ಎನಿಸುವುದು ಸಹಜ. 'ರಾಕ್ಷಸ' ಎಂಬ ಹೆಸರು ಆ ಭಾವನೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ವಾಸ್ತವ ಏನು? ನಮ್ಮ ಪಕ್ಕದ ಮಹಾರಾಷ್ಟ್ರದ ಅಕೋಲೆ ಭಾಗ ನಮ್ಮದರಂತೆಯೇ ಕಬ್ಬಿನ ನಾಡು. ಅಲ್ಲಿ ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಸ್ವಯಂಚಾಲಿತ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಜನ ತುಂಬಿದ ಆ ಹೊಲಗಳ ನಡುವೆ 100 ಚದರ ಕಿಲೋಮೀಟರಿಗೆ ಸುಮಾರು 5 ಚಿರತೆಗಳಿದ್ದವು. ಮುಖ್ಯ ಆಹಾರ ಬೀದಿನಾಯಿಯಂಥ ಊರಪ್ರಾಣಿಗಳು. ಮನುಷ್ಯರನ್ನು ಕೊಂದ ಪ್ರಕರಣ ಅಲ್ಲಿರಲಿಲ್ಲ. ಅದೇ ಮಹಾರಾಷ್ಟ್ರದ ಜುನ್ನರ ಭಾಗದಲ್ಲಿ 2000ದ ಆಸುಪಾಸಿನಲ್ಲಿ ಚಿರತೆಗಳನ್ನು ಹಿಡಿಹಿಡಿದು ಬೇರೆ ಕಡೆ ಬಿಟ್ಟಾಗ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಿತು. ನೆಲೆ ತಪ್ಪಿದ ಪ್ರಾಣಿ ಗೊತ್ತಿರದ ಜಾಗದಲ್ಲಿ ಗಾಬರಿಯಾಗುತ್ತದೆ.

ಹಾಗೆಂದು ಚಿರತೆ ಸಾಧು ಪ್ರಾಣಿ ಎಂದು ನಾನು ಹೇಳುವುದಿಲ್ಲ. 2022ರ ಅಕ್ಟೋಬರದಿಂದ 2023ರ ಜನವರಿಯ ನಡುವೆ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲೂಕಿನಲ್ಲಿ ಚಿರತೆಗೆ ನಾಲ್ವರು ಬಲಿಯಾದರು. ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ನುಗ್ಗಿದ ಚಿರತೆ, ಅದರ ಬದುಕನ್ನೇ ಅಭ್ಯಾಸ ಮಾಡಿದ ವಿಜ್ಞಾನಿ ಸಂಜಯ್ ಗುಬ್ಬಿಯವರನ್ನೂ ಗಾಯಗೊಳಿಸಿತು. ಅಪಾಯ ನಿಜ. ಆದರೆ ಅದು ಎಷ್ಟು, ಯಾವಾಗ, ಏಕೆ ಎಂಬ ಲೆಕ್ಕ ಬೇಕು. ಕತೆ ಹೆದರಿಕೆಯನ್ನು ಕೊಡುತ್ತದೆ, ಲೆಕ್ಕವನ್ನು ಕೊಡುವುದಿಲ್ಲ.

ಮೂರು: ಹೆಜ್ಜೆಗುರುತಿನ ಮೇಲಿನ ಅತಿ ನಂಬಿಕೆ. ಹೆಜ್ಜೆ ನೋಡಿ 'ಇದು ಗಂಡು, ಇಷ್ಟು ವಯಸ್ಸು, ಮೊನ್ನೆ ಬಂದದ್ದೂ ಇದೇ' ಎಂದು ಬೇಟೆಗಾರ ಹೇಳಿಬಿಡುತ್ತಾನೆ. ಓದಲು ರೋಮಾಂಚನ. ಕುಂಟುವ ಪ್ರಾಣಿಯಾದರೆ ಅದು ಸಾಧ್ಯವೂ ಹೌದು. ಎಲ್ಲ ಪ್ರಾಣಿಗೂ ಹಾಗೆ ಹೇಳಲಾಗದು. ಒಂದೇ ಕಾಲು ಹಸಿ ಕೆಸರಿನಲ್ಲಿ ದೊಡ್ಡದಾಗಿ, ಗಟ್ಟಿ ನೆಲದಲ್ಲಿ ಚಿಕ್ಕದಾಗಿ ಮೂಡುತ್ತದೆ. ನಮ್ಮ ದೇಶದಲ್ಲಿ ಬಹಳ ಕಾಲ ಹೆಜ್ಜೆಗುರುತಿನಿಂದಲೇ ಹುಲಿ ಎಣಿಸುತ್ತಿದ್ದರು. 2001–02ರ ಎಣಿಕೆ 3642 ಎಂದಿತು. ಹೊಸ ವಿಧಾನದಿಂದ ಮಾಡಿದ 2006ರ ಅಂದಾಜು 1411. ಈ ನಡುವೆ ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು, ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲೇ ಕ್ಯಾಮೆರಾ ಕಟ್ಟಿ, ಪ್ರತಿ ಹುಲಿಯ ಪಟ್ಟೆ ಬೇರೆ ಬೇರೆ ಎಂಬುದನ್ನು ಆಧಾರವಾಗಿಟ್ಟು ಎಣಿಸುವ ದಾರಿ ತೋರಿದ್ದರು. ನಮ್ಮ ಹೆಬ್ಬೆಟ್ಟಿನ ಗುರುತು ಇದ್ದಂತೆ ಹುಲಿಗೆ ಪಟ್ಟೆ, ಚಿರತೆಗೆ ಚುಕ್ಕೆ. ಆ ದಾರಿಯೇ ಮುಂದೆ ದೇಶಕ್ಕೆಲ್ಲ ಬಂತು. 2022ರ ಅಂದಾಜಿನಲ್ಲಿ ಕರ್ನಾಟಕದ ಪಾಲು 563 ಹುಲಿಗಳು. ಅನುಭವ ದೊಡ್ಡದು, ಆದರೆ ಅಳತೆಗೆ ನಿಂತ ಅನುಭವ ಇನ್ನೂ ದೊಡ್ಡದು.

ನಾಲ್ಕು: 'ನಿಜವಾಗಿ ನಡೆದದ್ದು' ಎಂಬ ಮುದ್ರೆ. ಸಾಹಸ ಕತೆ ನಿಜವೆಂದು ಹೇಳಿದೊಡನೆ ಅದರ ರುಚಿ ಇಮ್ಮಡಿಸುತ್ತದೆ. ಆದರೆ ಆಂಡರ್ಸನ್ ಬರೆದದ್ದು ಘಟನೆಗಳು ನಡೆದು ಎಷ್ಟೋ ವರ್ಷಗಳ ಮೇಲೆ, ನೆನಪಿನಿಂದ. ನೆನಪು ತಾನೇ ಒಬ್ಬ ಕತೆಗಾರ. ಇದಕ್ಕೆ ಇನ್ನೂ ದೊಡ್ಡ ಉದಾಹರಣೆ ತೇಜಸ್ವಿಯವರೇ ಕನ್ನಡಕ್ಕೆ ತಂದ 'ಮಹಾಪಲಾಯನ'. ಮೂಲ ಇಂಗ್ಲಿಷ್ ಪುಸ್ತಕ 1956ರದು. ಪೋಲೆಂಡಿನ ಸೈನಿಕ ಸ್ಲಾವೊಮಿರ್ ರಾವಿಚ್ ಸೈಬೀರಿಯಾದ ಸೆರೆಶಿಬಿರದಿಂದ 1941ರಲ್ಲಿ ತಪ್ಪಿಸಿಕೊಂಡು ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ದಾಟಿ, ಸುಮಾರು 6400 ಕಿ.ಮೀ. ನಡೆದು ಭಾರತ ಸೇರಿದ ಕತೆ. ಓದುತ್ತ ನಾನೂ ರಾತ್ರಿಯಿಡೀ ಎಚ್ಚರವಿದ್ದೆ. ಆದರೆ 2006ರಲ್ಲಿ ಬಿಬಿಸಿಯವರು ಹೊರತಂದ ದಾಖಲೆಗಳ ಪ್ರಕಾರ ರಾವಿಚ್ 1942ರಲ್ಲಿ ಕ್ಷಮಾದಾನದಡಿ ಬಿಡುಗಡೆಯಾಗಿ ಇರಾನಿಗೆ ಸಾಗಿಸಲ್ಪಟ್ಟವರು. ಆ ದಾಖಲೆಗಳಲ್ಲಿ ಒಂದು ಅವರದೇ ಕೈಬರಹದ್ದು.

ದಾಖಲೆ ಸಿಗುವ ಮೊದಲೇ ಪ್ರಶ್ನೆ ಕೇಳಬಹುದಿತ್ತು. ಬಿಸಿಲಿನಲ್ಲಿ ನಡೆಯುವ ಮನುಷ್ಯ ನೀರಿಲ್ಲದೆ ಎಷ್ಟು ದಿನ ಬದುಕಬಲ್ಲ? ದೇಹದ ತೂಕದ ಶೇಕಡಾ 10ರಷ್ಟು ನೀರು ಹೋದರೆ ಪ್ರಾಣಕ್ಕೇ ಸಂಚಕಾರ. 60 ಕಿಲೋ ತೂಗುವವನಿಗೆ ಅದು 6 ಲೀಟರು. ಬಿಸಿಲಿನಲ್ಲಿ ನಡೆದರೆ ಒಂದೆರಡು ದಿನದಲ್ಲೇ ಅಷ್ಟು ಬೆವರು ಹರಿಯುತ್ತದೆ. ಮರುಭೂಮಿಯಲ್ಲಿ ದಿನಗಟ್ಟಲೆ ನೀರಿಲ್ಲದ ನಡಿಗೆ ಮತ್ತು ಹಿಮಾಲಯದಲ್ಲಿ ಕಂಡ ಮಹಾಕಾಯದ ಹಿಮಮಾನವರು ಎಂಬ ಎರಡು ಕಡೆ ಓದುಗ ನಿಂತು ಯೋಚಿಸಬೇಕಿತ್ತು. ಪುಸ್ತಕ ಓದಬೇಡಿ ಎನ್ನುತ್ತಿಲ್ಲ, ಖಂಡಿತ ಓದಿ. ಕತೆಯಾಗಿ ಅದು ಗೆಲ್ಲುತ್ತದೆ, ಸಾಕ್ಷ್ಯವಾಗಿ ಸೋಲುತ್ತದೆ. ಇವೆರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲವನೇ ಬೆಳೆದ ಓದುಗ.

ಕಬ್ಬಿನ ಹೊಲದಲ್ಲಿ ಒಂದು ದಿನ

ಈಗ ಆ ಹುಡುಗನ ಸಂಗತಿಗೆ ಬರುತ್ತೇನೆ.

ಜನವರಿ ತಿಂಗಳು, ಕಬ್ಬು ಕಡಿಯುವ ಹಂಗಾಮು. ಊರ ಹೊರಗಿನ ಒಂದು ಹೊಲದಲ್ಲಿ ಗ್ಯಾಂಗಿನವರು ಕಬ್ಬು ಕಡಿಯುತ್ತಿದ್ದಾಗ ರವದಿಯ ನಡುವೆ ಮೂರು ಮರಿ ಸಿಕ್ಕವು. "ಚಿರತಿ ಮರಿ!" ಎಂದು ಯಾರೋ ಕೂಗಿದರು. ಅರ್ಧ ತಾಸಿನಲ್ಲಿ ಊರೇ ನೆರೆಯಿತು. 2022ರ ಆಗಸ್ಟ್ ತಿಂಗಳನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಬೆಳಗಾವಿಯ ಜಾಧವನಗರದಲ್ಲಿ ಕಾಣಿಸಿಕೊಂಡ ಚಿರತೆ ಗಾಲ್ಫ್ ಮೈದಾನದ ಪೊದೆ ಸೇರಿ, 22 ಶಾಲೆಗಳಿಗೆ ಸೂಟಿ ಕೊಡಬೇಕಾಯಿತು. ಸಕ್ರೆಬೈಲಿನಿಂದ ಆನೆಗಳು ಬಂದರೂ ಅದು ಸಿಕ್ಕಲೇ ಇಲ್ಲ. ಆ ಹೆದರಿಕೆ ಜನರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ಒಬ್ಬ ಮೊಬೈಲಿನಲ್ಲಿ ಚಿತ್ರ ತೆಗೆದು ಊರೂರಿಗೆ ಕಳಿಸಿದ. ಇನ್ನೊಬ್ಬ ಚೀಲ ತಂದ. ಬಡಿಗೆ ಹಿಡಿದವರೂ ಇದ್ದರು.

ಆಗ ಈ ಹುಡುಗ ಮುಂದೆ ಹೋಗಿ, "ತಡೀರಿ, ಚಿರತಿ ಅಲ್ರಿ ಇದು. ಮೈಮ್ಯಾಗ ಚುಕ್ಕಿ ಎಲ್ಲೈತ್ರಿ? ಗೆರಿ ಅದಾವ. ಬಾಲಾ ನೋಡ್ರಿ, ಗಿಡ್ಡ ಐತಿ" ಎಂದನಂತೆ. ದೊಡ್ಡವರು ನಕ್ಕರು. ಅವನು ಅಲ್ಲಿಂದ ಓಡಿ ಶಾಲೆಗೆ ಬಂದು ನನ್ನನ್ನು ಕರೆದ. ನಾನು ಹೋಗಿ ನೋಡಿದೆ. ನನಗೂ ಖಚಿತವಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅವನ ಪ್ರಶ್ನೆ ಸರಿಯಿತ್ತು. ಅರಣ್ಯ ಇಲಾಖೆಗೆ ಫೋನು ಮಾಡಿದೆವು. ಮುಟ್ಟಬೇಡಿ, ಗದ್ದಲ ಮಾಡಬೇಡಿ, ಅಷ್ಟು ಜಾಗದ ಕಬ್ಬು ಕಡಿಯದೆ ಬಿಡಿ ಎಂದರು. ಸಂಜೆಯ ಹೊತ್ತಿಗೆ ಬಂದ ಸಿಬ್ಬಂದಿ ನೋಡಿ, ಅವು ಕಾಡುಬೆಕ್ಕಿನ ಮರಿ ಎಂದು ಖಚಿತಪಡಿಸಿದರು. ಕಾಡುಬೆಕ್ಕು ಕಬ್ಬಿನ ಹೊಲದ ಇಲಿ ತಿಂದು ರೈತನಿಗೆ ನೆರವಾಗುವ ಪ್ರಾಣಿ. ಅದಕ್ಕೂ ಕಾನೂನಿನ ರಕ್ಷಣೆ ಇದೆ. ಮರಿಗಳನ್ನು ಅದೇ ಜಾಗದಲ್ಲಿ ಬಿಟ್ಟು ಜನರನ್ನು ಚದುರಿಸಿದರು. ತಾಯಿ ರಾತ್ರಿ ಬಂದು ಒಯ್ಯುತ್ತದೆ ಎಂದರು.

ಚೀಲಕ್ಕೆ ಹೋಗಬೇಕಿದ್ದ ಮೂರು ಜೀವ ಉಳಿದವು. ಉಳಿಸಿದ್ದು ಆ ಹುಲಿ ಪುಸ್ತಕ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟೆ. ಚುಕ್ಕೆ ಯಾವುದು, ಗೆರೆ ಯಾವುದು ಎಂದು ನೋಡುವ ಕಣ್ಣು ಅವನಿಗೆ ಆ ಓದಿನಿಂದಲೇ ಬಂದಿತ್ತು.

ಹೆಮ್ಮೆ ರಾತ್ರಿಯವರೆಗೂ ನಿಲ್ಲಲಿಲ್ಲ. ಎಂಟು ಗಂಟೆಗೆ ಅವನ ತಾಯಿ ನಮ್ಮ ಮನೆಗೆ ಬಂದರು. "ಸರ, ಹುಡುಗ ನಿಮ್ಮ ಕಡೆ ಬಂದಾನೇನ್ರಿ?" ಎಂದರು. ಬಂದಿರಲಿಲ್ಲ. ಅವರ ಮುಖ ನೋಡಿ ನನಗೆ ಎಲ್ಲ ಹೊಳೆಯಿತು. ಬ್ಯಾಟರಿ ಹಿಡಿದು, ಇಬ್ಬರನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಬದುವಿನ ಬೇವಿನ ಮರದ ಮೇಲೆ ಇವನೂ ಇವನ ಇಬ್ಬರು ಗೆಳೆಯರೂ ಕಂಬಳಿ ಹೊದ್ದು ಕುಳಿತಿದ್ದರು. ತಾಯಿ ಬೆಕ್ಕು ಬರುವುದನ್ನು ನೋಡಬೇಕಂತೆ. ಕೆಳಗಿಳಿಸಿ ಬೈದೆ. ಅವನು ಮೆಲ್ಲಗೆ, "ಸರ, ಆಂಡರ್ಸನ್ ಸಾಹೇಬ್ರು ಒಬ್ಬರ ಕುಂಡರ್ತಿದ್ರಲ್ರಿ..." ಎಂದ.

ಏನು ಉತ್ತರ ಕೊಡಲಿ? ಜನವರಿಯ ಚಳಿ, ಕತ್ತಲೆ, ಕಬ್ಬಿನ ಹೊಲದ ಹಾವು, ಮರದಿಂದ ಜಾರಿದರೆ ಮುರಿಯುವ ಕೈಕಾಲು. ಒಂದು ವೇಳೆ ಅವನ ಊಹೆ ತಪ್ಪಾಗಿ ಅವು ಚಿರತೆಯ ಮರಿಗಳೇ ಆಗಿದ್ದು, ಮರ ಹತ್ತಬಲ್ಲ ತಾಯಿ ಚಿರತೆ ಬಂದಿದ್ದರೆ? ಆ ಯೋಚನೆಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಒಂದೇ ಪುಸ್ತಕದ ಗುಣ ಮತ್ತು ದೋಷ, ಒಂದೇ ಹುಡುಗನಲ್ಲಿ, ಒಂದೇ ದಿನ ಕಂಡಿದ್ದೆ. ಬೆಳಗಿನ ಜಾಣ್ಮೆಗೂ ರಾತ್ರಿಯ ಹುಚ್ಚುತನಕ್ಕೂ ಕಾರಣ ಆ ಓದೇ. "ಓದಲಿ ಬಿಡ್ರಿ" ಎಂದಿದ್ದೆನಲ್ಲ, ಅರ್ಧ ತಪ್ಪು ಎಂದದ್ದು ಅದಕ್ಕೇ. ಓದಲು ಬಿಟ್ಟ ನಾನು, ಓದಿದ್ದರ ಬಗ್ಗೆ ಅವನ ಜೊತೆ ಒಂದು ದಿನವೂ ಕುಳಿತು ಮಾತಾಡಿರಲಿಲ್ಲ.

ಮರುದಿನ ಬೆಳಗ್ಗೆ ಎಲ್ಲರೂ ಒಟ್ಟಿಗೆ ಹೋದೆವು. ಮರಿಗಳಿರಲಿಲ್ಲ. ಹಸಿ ಮಣ್ಣಿನಲ್ಲಿ ಹೆಜ್ಜೆಗಳಿದ್ದವು. ಅಳತೆಪಟ್ಟಿ ಇಟ್ಟು ನೋಡಿದೆವು. ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ಬೆಕ್ಕಿನ ಜಾತಿ ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ, ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ. ಚಿರತೆಯದಾದರೆ ಸುಮಾರು 7–8 ಸೆಂಟಿಮೀಟರ್ ಅಗಲ ಇರಬೇಕಿತ್ತು, ಇದು ಅದಕ್ಕಿಂತ ಬಹಳ ಚಿಕ್ಕದು. ರಾತ್ರಿ ಮರದ ಮೇಲೆ ಕುಳಿತು ಕಾಣಬೇಕೆಂದದ್ದನ್ನು ಹುಡುಗರು ಹಗಲಿನಲ್ಲಿ ನೆಲದ ಮೇಲೆಯೇ ಓದಿದರು.

ಪಾಲಕರಿಗೆ, ವಿದ್ಯಾರ್ಥಿಗಳಿಗೆ

ಪಾಲಕರೇ, ಮಗುವಿನ ಕೈಯಿಂದ ಇಂಥ ಪುಸ್ತಕ ಕಸಿದುಕೊಳ್ಳಬೇಡಿ. ಕಸಿದುಕೊಂಡರೆ ಅದು ಪಾಠದ ಪುಸ್ತಕದೊಳಗೆ ಅಡಗುತ್ತದೆ. ಅದಕ್ಕಿಂತ, ಊಟದ ಹೊತ್ತಿಗೆ 'ಇವತ್ತು ಏನಾಯಿತು ಆ ಹುಲಿಯದು?' ಎಂದು ಕೇಳಿ. ಓದು ಬಾರದ ತಾಯಿತಂದೆಯೂ ಕೇಳಬಹುದಾದ ಪ್ರಶ್ನೆ ಇದು. ಕತೆ ಹೇಳುತ್ತ ಹೇಳುತ್ತ ಮಗು ತಾನೇ ಅದನ್ನು ತೂಗಿ ನೋಡುತ್ತದೆ. ಪರೀಕ್ಷೆಯ ದಿನಗಳಲ್ಲಿ ಹೊತ್ತು ನಿಗದಿ ಮಾಡಿ, ಆದರೆ ಮಾಡಿದ ಹೊತ್ತನ್ನು ತಪ್ಪದೆ ಕೊಡಿ.

ವಿದ್ಯಾರ್ಥಿ ಮಿತ್ರರೇ, ಓದುವಾಗ ಪಕ್ಕದಲ್ಲಿ ಒಂದು ನೋಟುಬುಕ್ಕು ಇರಲಿ. ಮೂರು ಪ್ರಶ್ನೆ ಬರೆದುಕೊಳ್ಳಿ. ಇದು ಯಾವ ಕಾಲದ್ದು? ಇದು ಬರೆದವನಿಗೆ ಹೇಗೆ ಗೊತ್ತಾಯಿತು? ಇಂದು ಹೀಗೆ ಮಾಡಬಹುದೇ? ಮೂರನೆಯದಕ್ಕೆ ಉತ್ತರ ಸ್ಪಷ್ಟವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ, ಮನುಷ್ಯನ ಪ್ರಾಣಕ್ಕೆ ಅಪಾಯವಾದ ಹುಲಿ, ಚಿರತೆಯ ವಿಷಯದಲ್ಲೂ ತೀರ್ಮಾನ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರದು. ಬಂದೂಕಿದ್ದವನದ್ದಲ್ಲ. ಹೊಲದಲ್ಲಿ ಮರಿ ಕಂಡರೆ ದೂರ ಸರಿಯಿರಿ, ದೊಡ್ಡವರಿಗೆ ಹೇಳಿ, ಅರಣ್ಯ ಇಲಾಖೆಗೆ ತಿಳಿಸಿ. ಚಿತ್ರ ತೆಗೆದು ಹಂಚಬೇಡಿ. ಕತ್ತಲಾದ ಮೇಲೆ ಕಬ್ಬಿನ ದಾರಿಯಲ್ಲಿ ಒಬ್ಬರೇ ಹೋಗಬೇಡಿ, ಬ್ಯಾಟರಿ ಇರಲಿ, ಗಟ್ಟಿಯಾಗಿ ಮಾತಾಡುತ್ತ ನಡೆಯಿರಿ.

'ಕಾಡಿನ ಕತೆಗಳು' ಮುಗಿದ ಮೇಲೆ ತೇಜಸ್ವಿಯವರ 'ಪರಿಸರದ ಕತೆ' ಓದಿ, ಆಮೇಲೆ 'ಕರ್ವಾಲೊ'. ಅಲ್ಲಿ ಹುಡುಕಾಟ ಒಂದು ಹಾರುವ ಓತಿಯದು, ಅದರೂ ಸಾಹಸಕ್ಕೆ ಕೊರತೆಯಿಲ್ಲ. ಅದೂ ಮುಗಿದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಅಲ್ಲಿ ಗಿಡಗಳ ಬೆನ್ನು ಹತ್ತಿದವರು ಕಾಲೇಜಿನ ಹುಡುಗರೇ.

ನಮ್ಮ ಆ ಹುಡುಗ ಈಗ 'ಕರ್ವಾಲೊ' ಹಿಡಿದಿದ್ದಾನೆ. ಮೊನ್ನೆ ಅವನ ತಂದೆ ಬಸ್ ನಿಲ್ದಾಣದಲ್ಲಿ ಸಿಕ್ಕರು. "ಏನ್ರಿ, ಇನ್ನೂ ಹುಲಿ ಪುಸ್ತಕ ಓದಾಕತ್ತಾನೇನ್ರಿ?" ಎಂದು ಕೇಳಿದೆ. "ಇಲ್ರಿ ಸರ, ಈಗ ಓತಿಕ್ಯಾತದ್ದ ಓದಾಕತ್ತಾನ. ರಾತ್ರಿ ನಮಗೂ ಓದಿ ಹೇಳ್ತಾನ್ರಿ" ಎಂದರು. ಬಸ್ಸು ಬಂತು. ಹತ್ತುತ್ತ ತಿರುಗಿ, "ಆ ಓತಿ ಕಡೀಕ ಸಿಗತೈತೇನ್ರಿ ಸರ?" ಎಂದು ಕೇಳಿದರು. ನಾನು ಹೇಳಲಿಲ್ಲ. ಮಗ ಓದಿ ಹೇಳಲಿ.